ಪೀ, ನೊಂಗ್, ಗುಲಾಬಿ ಹಾಲು: ಥಾಯ್ ಬಿಎಲ್ ಜೋಡಿಗಳ ಹುಚ್ಚು ಅರ್ಥ ಆಗಬೇಕಾದರೆ

ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ಥಾಯ್ ಸೀರೀಸ್ ನೋಡಿದರೆ ಎಲ್ಲರೂ ಎಲ್ಲರಿಗೂ 'ಯೂ' ಅನ್ನುತ್ತಾರೆ. ಮೇಷ್ಟ್ರಿಗೂ ಯೂ, ಜೀವದ ಗೆಳೆಯನಿಗೂ ಯೂ, ಕಾಲರ್ ಹಿಡಿದು ಜಗಳ ಆಡುವಾಗಲೂ ಯೂ, ಹೆಗಲ ಮೇಲೆ ತಲೆ ಇಟ್ಟಾಗಲೂ ಯೂ. ಬರೀ ಸಬ್‌ಟೈಟಲ್ ಓದುತ್ತಾ ಹೋದವರಿಗೆ ಕಾಣೋದು ಇಬ್ಬರು ಚೆಂದದ ಹುಡುಗರು, ಒಂದಷ್ಟು ನೋಟ, ಕೊನೆಗೆ ಒಂದು ಮುತ್ತು, ಅಷ್ಟೇ. 'ಅಂಥಾದ್ದೇನಿದೆ ಇದರಲ್ಲಿ, ಒಂದೇ ಸೀನನ್ನ ಹತ್ತು ಸಲ ನೋಡ್ತೀಯಲ್ಲ' ಅಂತ ನನ್ನ ತಂಗಿ ಕೇಳಿದ್ದೂ ಅದಕ್ಕೇ. ಅವಳಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು. ಅದಕ್ಕೆ ಬರೆಯುತ್ತಿದ್ದೇನೆ.

ಉತ್ತರ ಒಂದೇ ಸಾಲಿನಲ್ಲಿ ಬೇಕಾದರೆ ಇಷ್ಟು: ಈ ಕಥೆಗಳಲ್ಲಿ ಇಬ್ಬರ ನಡುವೆ ಏನಾಗುತ್ತಿದೆ ಅನ್ನೋದು ಅವರು ಒಬ್ಬರನ್ನೊಬ್ಬರು ಕರೆಯೋ ರೀತಿಯಲ್ಲೇ ಗೊತ್ತಾಗುತ್ತೆ. ಮತ್ತೆ, ಅದನ್ನು ಹಿಡಿಯೋಕೆ ಇಂಗ್ಲಿಷಿನವರಿಗಿಂತ ಕನ್ನಡದವರ ಕಿವಿ ವಾಸಿ.

ಮೊದಲು ಸ್ವಲ್ಪ ಹಿನ್ನೆಲೆ, ಬೇಗ ಮುಗಿಸುತ್ತೇನೆ. ಬಿಎಲ್ ಅಂದರೆ ಬಾಯ್ಸ್ ಲವ್, ಹುಡುಗ ಹುಡುಗನ ಪ್ರೇಮಕಥೆ. ಬೇರು ಜಪಾನಿನ ಮಾಂಗಾ ಅನ್ನೋ ಚಿತ್ರಕಥೆ ಪುಸ್ತಕಗಳಲ್ಲಿದೆ. ಅಲ್ಲಿ ಇದಕ್ಕೆ 'ಯಾಓಯ್' ಅನ್ನೋ ಹೆಸರೂ ಇತ್ತು. ಅದರ ಮೊದಲ ಇಂಗ್ಲಿಷ್ ಅಕ್ಷರ 'ವೈ' ಹಿಡಿದುಕೊಂಡು ಥಾಯ್ಲೆಂಡಿನವರು ಇವನ್ನು 'ಸೀರೀಸ್ ವಾಯ್' ಅಂದರು, ಇವುಗಳ ಹುಚ್ಚು ಹಿಡಿದ ಹುಡುಗಿಯರನ್ನು 'ಸಾವ್ ವಾಯ್' ಅಂದರು. 2007ರಲ್ಲಿ 'ಲವ್ ಆಫ್ ಸಯಾಮ್' ಅನ್ನೋ ಸಿನಿಮಾ ಬಂತು. ಅದರ ಪ್ರಚಾರ ನೋಡಿದವರು ಮಾಮೂಲಿ ಹುಡುಗ ಹುಡುಗಿಯ ಕಥೆ ಅಂದುಕೊಂಡೇ ಥಿಯೇಟರಿಗೆ ಹೋಗಿದ್ದರು. ಒಳಗೆ ಕೂತ ಮೇಲೆ ಗೊತ್ತಾಗಿದ್ದು, ಇದು ಇಬ್ಬರು ಹುಡುಗರ ಕಥೆ ಅಂತ. ಟಿವಿಯಲ್ಲಿ ಶುರುವಾಗಿದ್ದು 2014ರ 'ಲವ್ ಸಿಕ್'ನಿಂದ. 2016ರಲ್ಲಿ ಜಿಎಂಎಂಟಿವಿ ಕಂಪನಿಯ 'ಸೋಟಸ್' ಬಂದು ದಾರಿ ಅಗಲ ಮಾಡಿತು. 2020ರಲ್ಲಿ ಜಗತ್ತೇ ಮನೆಯೊಳಗೆ ಕೂತಿದ್ದಾಗ '2ಗೆದರ್' ಯೂಟ್ಯೂಬಿನಲ್ಲಿ ಎಲ್ಲಾ ದೇಶದವರ ಕೈಗೂ ಸಿಕ್ಕಿತು. ನಾನು ಬಿದ್ದಿದ್ದೂ ಆಗಲೇ.

ಈಗ ವಿಷಯಕ್ಕೆ ಬರೋಣ. ಥಾಯ್ ಭಾಷೆಯಲ್ಲಿ ತನಗಿಂತ ದೊಡ್ಡವರನ್ನು 'ಪೀ' ಅಂತಲೂ ಚಿಕ್ಕವರನ್ನು 'ನೊಂಗ್' ಅಂತಲೂ ಕರೆಯುತ್ತಾರೆ. ಅಣ್ಣ, ಅಕ್ಕ ಎರಡಕ್ಕೂ ಪೀ. ತಮ್ಮ, ತಂಗಿ ಎರಡಕ್ಕೂ ನೊಂಗ್. ಒಂದೇ ವರ್ಷದ ಅಂತರ ಇದ್ದರೂ ಸಾಕು, ಕಾಲೇಜಿನ ಸೀನಿಯರ್ ಪೀ ಆಗುತ್ತಾನೆ. ನಾವು ಆಟೋದವರಿಗೂ 'ಅಣ್ಣಾ' ಅನ್ನೋರು, ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಮ್ಮಲ್ಲಿ ಇಲ್ಲದ ಒಂದು ಆಟ ಅಲ್ಲಿದೆ. ನಮಗೆ ನೀನು, ನೀವು ಬದಲಾಗುತ್ತೆ, 'ನಾನು' ಮಾತ್ರ ಯಾವಾಗಲೂ ನಾನೇ. ಅವರಲ್ಲಿ 'ನಾನು' ಕೂಡ ಬದಲಾಗುತ್ತೆ. ಗಂಡಸು ಮರ್ಯಾದೆಯಿಂದ ಮಾತಾಡುವಾಗ 'ಪೊಮ್'. ಗೆಳೆಯರ ಮಧ್ಯೆ ಒರಟಾಗಿ 'ಕೂ', ಎದುರಿಗಿದ್ದವನು 'ಮುಂಗ್'. ಈ ಕೂ–ಮುಂಗ್ ಅಪರಿಚಿತರ ಹತ್ತಿರ ಬಳಸಿದರೆ ಹೊಡೆದಾಟ ಆಗಬಹುದು, ಜೀವದ ಗೆಳೆಯರ ಹತ್ತಿರ ಬಳಸದಿದ್ದರೆ 'ಏನಾಯ್ತೋ ನಿಂಗೆ' ಅನ್ನುತ್ತಾರೆ. ನಮ್ಮ 'ಲೋ', 'ಮಗಾ' ಇದ್ದ ಹಾಗೆ ಅಂದುಕೊಳ್ಳಿ. ಇದರ ಜೊತೆಗೆ ತನ್ನ ಹೆಸರನ್ನೇ ಹೇಳಿಕೊಂಡು ಮಾತಾಡೋದೂ ಉಂಟು, ಅದು ಮುದ್ದಿನ ರೀತಿ.

ಹಾಗಾಗಿ ನಾಲ್ಕು ವರ್ಷ 'ಕೂ–ಮುಂಗ್' ಅಂತ ಬೈದಾಡಿಕೊಂಡಿದ್ದ ಇಬ್ಬರು ಹುಡುಗರಲ್ಲಿ ಒಬ್ಬ ಒಂದು ದಿನ ಇದ್ದಕ್ಕಿದ್ದಂತೆ ತನ್ನನ್ನು 'ಪೊಮ್' ಅಂದುಕೊಂಡ ಅಂತಿಟ್ಟುಕೊಳ್ಳಿ. ಸಬ್‌ಟೈಟಲಿನಲ್ಲಿ ಅದು ಬರೀ 'ಐ'. ಥಾಯ್ ಗೊತ್ತಿರೋರು ಸೋಫಾದಿಂದ ಕೆಳಗೆ ಬಿದ್ದಿರುತ್ತಾರೆ. ಗೆಳೆಯನೊಬ್ಬ ಯಾವತ್ತೂ 'ಲೋ' ಅನ್ನೋನು ಒಂದು ಸಂಜೆ ತಗ್ಗಿದ ದನಿಯಲ್ಲಿ 'ನೀವು ಊಟ ಮಾಡಿದ್ರಾ' ಅಂದರೆ ನಿಮಗೆ ಹೇಗನ್ನಿಸುತ್ತೆ ಯೋಚಿಸಿ. ಒಂದೋ ಅವನಿಗೆ ಕೋಪ ಬಂದಿದೆ, ಇಲ್ಲಾ ಬೇರೆ ಏನೋ ಶುರುವಾಗಿದೆ, ಅಲ್ವಾ?

ಸೋಟಸ್‌ನ ಆರ್ಥಿತ್ ಮತ್ತು ಕೊಂಗ್‌ಪೊಪ್ ಜೋಡಿಯನ್ನು ಈ ಕಿವಿಯಿಂದ ಕೇಳಬೇಕು. ಆರ್ಥಿತ್ ಎಂಜಿನಿಯರಿಂಗ್ ಮೂರನೇ ವರ್ಷದವನು, ಜೂನಿಯರ್‌ಗಳನ್ನು ಸಾಲಾಗಿ ನಿಲ್ಲಿಸಿ ಅರಚಾಡೋ ತಂಡದ ಮುಖ್ಯಸ್ಥ. ಕೊಂಗ್‌ಪೊಪ್ ಮೊದಲ ವರ್ಷದವನು. ಎದುರು ಮಾತಾಡುತ್ತಾನೆ, ಆದರೆ ಪ್ರತಿ ಸಲ 'ಪೀ ಆರ್ಥಿತ್' ಅಂತಲೇ. ಮರ್ಯಾದೆ ಬಿಡದೆ ತಿರುಗಿ ಬೀಳೋದು ಅಂದರೆ ಇದು. ಇದೇ ಹುಡುಗನ ಬಾಯಲ್ಲಿ ಇದೇ 'ಪೀ ಆರ್ಥಿತ್', ಕಥೆ ಮುಂದೆ ಹೋದ ಹಾಗೆ ಸವಾಲಿನಿಂದ ಚೇಷ್ಟೆಗೆ, ಚೇಷ್ಟೆಯಿಂದ ಬೇಡಿಕೆಗೆ ತಿರುಗುತ್ತೆ. ಪದ ಬದಲಾಗೋದಿಲ್ಲ, ದನಿ ಬದಲಾಗುತ್ತೆ. ಅಂದ ಹಾಗೆ ಆರ್ಥಿತ್ ಅಂದರೆ ಸೂರ್ಯ, ನಮ್ಮ ಆದಿತ್ಯನೇ ಅಲ್ಲಿಗೆ ಹೋಗಿ ಹಾಗೆ ಆಗಿದ್ದಾನೆ.

ಈ ಕಥೆಯ ಪ್ರಸಿದ್ಧ ವಸ್ತು ಗುಲಾಬಿ ಹಾಲು. ಕೆಂಪು ಸಿರಪ್ ಹಾಕಿ ಐಸ್ ತುಂಬಿ ಕೊಡೋ ತಣ್ಣನೆ ಸಿಹಿ ಹಾಲು, ನಮ್ಮ ರೋಸ್ ಮಿಲ್ಕಿನ ಹತ್ತಿರದ ನೆಂಟ. ಕ್ಯಾಂಪಸ್ಸೆಲ್ಲ ನಡುಗಿಸೋ ಆರ್ಥಿತ್‌ಗೆ ಇಷ್ಟ ಆಗೋದು ಇದು. ಕೊಂಗ್‌ಪೊಪ್ ಕುಡಿಯೋದು ಕಾಫಿ. ಅಂಗಡಿಯವರು ಗ್ಲಾಸು ಇಡುವಾಗ ಸಹಜವಾಗಿ ಅದಲು ಬದಲು ಮಾಡುತ್ತಾರೆ, ಗಡಸು ಮುಖದವನಿಗೆ ಕಾಫಿ, ಮೃದು ಮುಖದವನಿಗೆ ಹಾಲು. ಒಂದೇ ಒಂದು ಮಾತಿಲ್ಲದೆ ಪಾತ್ರ ಏನು ಅಂತ ಗೊತ್ತಾಗಿಬಿಡುತ್ತೆ. ಆಮೇಲೆ ಗೇರ್ ಇದೆ. ಎಂಜಿನಿಯರಿಂಗ್ ಹುಡುಗರಿಗೆ ಸಿಗೋ ಚಿಕ್ಕ ಲೋಹದ ಗೇರು, ಅವರ ಲೆಕ್ಕದಲ್ಲಿ ಅದು ಹೃದಯ. ಆರ್ಥಿತ್ ತನ್ನ ಗೇರನ್ನು ಕೊಂಗ್‌ಪೊಪ್‌ಗೆ ಕೊಡುತ್ತಾನೆ ಅನ್ನೋದು ಅಭಿಮಾನಿಗಳಿಗೆ ಬ್ಯಾಂಕಾಕಿನ ರಾಮ 8 ಸೇತುವೆ ಮೇಲಿನ ಮುತ್ತಿಗಿಂತ ಒಂದು ಕೈ ಮೇಲು. ನನಗೂ ಅಷ್ಟೇ.

ಇನ್ನೊಂದು ಜೋಡಿ ಪದ ಇದೆ: 'ಙೊನ್' ಮತ್ತು 'ಙೊ'. ಇಂಗ್ಲಿಷಿನಲ್ಲಿ ಇದನ್ನು ವಿವರಿಸೋಕೆ ಜನ ಪ್ಯಾರಾಗಟ್ಟಲೆ ಬರೆಯುತ್ತಾರೆ, ಕನ್ನಡದಲ್ಲಿ ಎರಡೇ ಮಾತು. ಙೊನ್ ಅಂದರೆ ಮುನಿಸು. ಙೊ ಅಂದರೆ ರಮಿಸೋದು. ಮುನಿಸಿಕೊಳ್ಳೋದು ಕೋಪ ಅಲ್ಲ ಅಂತ ನಮಗೆ ಗೊತ್ತು. 'ನೀನು ಬಂದು ಕೇಳ್ತೀಯ ಅಂತ ನನಗೆ ನಂಬಿಕೆ ಇದೆ' ಅನ್ನೋದರ ಇನ್ನೊಂದು ರೂಪ ಅದು, ಸಲಿಗೆ ಇಲ್ಲದ ಕಡೆ ಮುನಿಸೂ ಇರೋದಿಲ್ಲ. ಥಾಯ್ ಸೀರೀಸ್‌ಗಳಲ್ಲಿ ಎಪಿಸೋಡುಗಟ್ಟಲೆ ನಡೆಯೋದು ಇದೇ. 2019ರ 'ಥಿಯರಿ ಆಫ್ ಲವ್' ಅಂತೂ ಪೂರ್ತಿ ಈ ತಕ್ಕಡಿಯ ಮೇಲೆ ನಿಂತಿದೆ. ಸಿನಿಮಾ ಓದೋ ಹುಡುಗ ಥರ್ಡ್ ಮೂರು ವರ್ಷದಿಂದ ಗೆಳೆಯ ಖಾಯ್‌ನನ್ನು ಒಳಗೊಳಗೇ ಪ್ರೀತಿಸುತ್ತಾನೆ, ಅವನೋ ವಾರಕ್ಕೊಬ್ಬ ಹುಡುಗಿ ಅಂತ ಓಡಾಡೋನು. ಕಥೆಯ ಮೊದಲ ಅರ್ಧ ಥರ್ಡ್ ನೋಯುತ್ತಾನೆ. ಉಳಿದರ್ಧ ಖಾಯ್ ಹಿಂದೆ ಬಿದ್ದು ರಮಿಸಬೇಕು, ಮತ್ತೆ ಪ್ರೇಕ್ಷಕರು 'ಇಷ್ಟು ಸಾಲದು, ಇನ್ನೂ ಸ್ವಲ್ಪ ಅಲೆಯಲಿ' ಅಂತ ಕೂತು ನೋಡಬೇಕು. ಥರ್ಡ್ ಪಾತ್ರದ ಗನ್ ಅತ್ತಪನ್ ಕಣ್ಣಲ್ಲಿ ನೀರು ತುಂಬಿಸಿಕೊಂಡು ಕೆಳಗೆ ಬೀಳಿಸದೆ ನಿಲ್ಲಿಸೋದನ್ನ ನೋಡಿ, ಖಾಯ್‌ನನ್ನು ಕ್ಷಮಿಸೋಕೆ ನನಗೆ ಎರಡನೇ ಸಲ ನೋಡಬೇಕಾಯಿತು.

'ಕ್ರೆಂಗ್ ಜಾಯ್' ಅಂತ ಮತ್ತೊಂದು. ಅದಕ್ಕೆ ಕನ್ನಡ ದಾಕ್ಷಿಣ್ಯ. ಬೇರೆಯವರಿಗೆ ತೊಂದರೆ ಆಗುತ್ತೆ ಅಂತ ಬಾಯಿಗೆ ಬಂದದ್ದನ್ನು ನುಂಗೋದು. 'ಇವರು ಯಾಕೆ ನೇರವಾಗಿ ಹೇಳಬಾರದು' ಅಂತ ಬೇರೆ ದೇಶದವರು ತಲೆ ಚಚ್ಚಿಕೊಳ್ಳುವಾಗ ನಮಗೆ ಅದರಲ್ಲಿ ವಿಚಿತ್ರ ಏನೂ ಕಾಣೋದಿಲ್ಲ.

ಒಂದು ಜೋಡಿಯ ಮೇಲೆ ನಿಂತು ಮಾತಾಡು ಅಂದರೆ ನಾನು ಆರಿಸೋದು 'ಬ್ಯಾಡ್ ಬಡ್ಡಿ'ಯ ಪ್ಯಾಟ್ ಮತ್ತು ಪ್ರಾನ್. 2021ರ ಅಕ್ಟೋಬರಿನಲ್ಲಿ ಶುರುವಾಗಿ 2022ರ ಜನವರಿಗೆ ಮುಗಿದ 12 ಎಪಿಸೋಡು, ನಿರ್ದೇಶನ ನೊಪ್ಪರ್ನಾಚ್ ಚೈಯವಿಮೊನ್, ಎಲ್ಲರೂ ಕರೆಯೋ ಹೆಸರು ಬ್ಯಾಕ್‌ಆಫ್. ಥಾಯ್ ಹೆಸರು 'ಖೇ ಪುಅನ್ ಖ್ರಪ್ ಪುಅನ್', ಅಂದರೆ ಹೆಚ್ಚು ಕಡಿಮೆ 'ಬರೀ ಫ್ರೆಂಡ್ಸ್ ಅಷ್ಟೇ, ಫ್ರೆಂಡ್'. ಆ ಹೆಸರಲ್ಲೇ ಸುಳ್ಳು ಇದೆ. ಇಬ್ಬರದ್ದೂ ಪಕ್ಕ ಪಕ್ಕದ ಮನೆ. ಅಪ್ಪ ಅಮ್ಮಂದಿರಿಗೆ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗೋದಿಲ್ಲ. ಮಗನ ಮಾರ್ಕ್ಸ್ ಪಕ್ಕದ ಮನೆಯವನಿಗಿಂತ ಜಾಸ್ತಿ ಇರಬೇಕು, ಆಟದಲ್ಲಿ ಅವನನ್ನು ಸೋಲಿಸಬೇಕು, ಹೀಗೇ ಬೆಳೆಸಿದ್ದಾರೆ. ಕಾಲೇಜಿನಲ್ಲಿ ಒಬ್ಬ ಎಂಜಿನಿಯರಿಂಗ್, ಇನ್ನೊಬ್ಬ ಆರ್ಕಿಟೆಕ್ಚರ್, ಆ ಎರಡು ಗುಂಪಿಗೂ ಹೊಡೆದಾಟ. ಹಾಗಾಗಿ ಇವರ ಸ್ನೇಹವೇ ಗುಟ್ಟು. ಪ್ರೀತಿ ಆಮೇಲಿನ ಮಾತು.

ಇಲ್ಲಿ ಪ್ಯಾಟ್, ಪ್ರಾನ್ ಪ್ರೀತಿಗೆ ಬಿದ್ದ ಮೇಲೂ ಕೂ–ಮುಂಗ್ ಬಿಡೋದಿಲ್ಲ. ಬೇರೆ ಸೀರೀಸ್‌ಗಳಲ್ಲಿ ಮಾತು ಮೆತ್ತಗಾದರೆ ಪ್ರೀತಿ ಬಂತು ಅಂತ ಅರ್ಥ, ಇಲ್ಲಿ ಒರಟು ಮಾತೇ ಅವರ ಮನೆ. ಅವರಿಬ್ಬರೂ ಸಮ ಅನ್ನೋದಕ್ಕೆ ಅದೇ ಗುರುತು. ಹೀರೋಗೆ ಥಾಯ್‌ನಲ್ಲಿ 'ಪ್ರ-ಎಕ್' ಅನ್ನುತ್ತಾರೆ, ಆ 'ಎಕ್' ನಮ್ಮ ಏಕವೇ. ಹೀರೋಯಿನ್ 'ನಾಂಗ್-ಎಕ್'. ಹುಡುಗರ ಕಥೆ ಬಂದಾಗ ಹೀರೋಯಿನ್ ಜಾಗದಲ್ಲಿರೋ ಹುಡುಗನಿಗೆ 'ನಾಯ್-ಎಕ್' ಅಂತ ಹೊಸ ಪದ ಹುಟ್ಟಿಸಿಕೊಂಡರು. ಎಷ್ಟೋ ಕಥೆಗಳು ಈ ಎರಡು ಖಾನೆಗಳಲ್ಲೇ ಮುಗಿದುಹೋಗುತ್ತವೆ, ಒಬ್ಬ ಎತ್ತರ ಇರಬೇಕು, ಇನ್ನೊಬ್ಬ ಬೆಳ್ಳಗೆ ಚಿಕ್ಕದಾಗಿರಬೇಕು, ಮೊದಲನೆಯವನು ಕಾಪಾಡಬೇಕು, ಎರಡನೆಯವನು ಎಡವಿ ಅವನ ಮೇಲೆ ಬೀಳಬೇಕು. ಪ್ಯಾಟ್ ಮತ್ತು ಪ್ರಾನ್‌ನಲ್ಲಿ ಯಾರು ಯಾವ ಖಾನೆ ಅಂತ ಹೇಳಿ ನೋಡೋಣ. ಆಗೋದಿಲ್ಲ.

ಐದನೇ ಎಪಿಸೋಡಿನ ಕೊನೆಯಲ್ಲಿ ರಾತ್ರಿ, ತಾರಸಿ ಮೇಲೆ, ನಾವು ಗೆಳೆಯರಾ ಅಲ್ವಾ ಅನ್ನೋ ಮಾತು ಬರುತ್ತೆ. ಮುತ್ತು ಕೊಡುತ್ತಾರೆ. ಸಾಮಾನ್ಯವಾಗಿ ಅಲ್ಲಿಗೆ ಹಾಡು ಬಂದು ಎಲ್ಲಾ ಸುಖವಾಗಬೇಕು. ಇಲ್ಲಿ ಪ್ರಾನ್ ಬಿಡಿಸಿಕೊಂಡು ಒಬ್ಬನೇ ಹೊರಟುಹೋಗುತ್ತಾನೆ. ಅವನು ಸ್ಕೂಲಿನ ಕಾಲದಿಂದ ಪ್ಯಾಟ್‌ನನ್ನು ಇಷ್ಟಪಟ್ಟವನು. ಇಬ್ಬರೂ ಒಟ್ಟಿಗೆ ಒಂದು ಹಾಡು ನುಡಿಸಿದ್ದಕ್ಕೇ ಮನೆಯವರು ಅವನನ್ನು ಬೇರೆ ಸ್ಕೂಲಿಗೆ ಹಾಕಿದ್ದರು. ಅಂಥವನಿಗೆ ಕೈಗೆ ಬಂದದ್ದು ನಿಜ ಅಂತ ನಂಬೋಕೆ ಭಯ. ಪ್ರಾನ್ ಪಾತ್ರದ ನನೋನ್ ಕೊರಪಟ್ ಆ ಕೆಲವು ಸೆಕೆಂಡಿನಲ್ಲಿ ಮುಖದಲ್ಲಿ ತೋರಿಸೋದು ಇದನ್ನೇ. ಆ ಸೀನ್ ನಾನು ಎಷ್ಟು ಸಲ ನೋಡಿದ್ದೀನಿ ಅಂತ ತಂಗಿಗೆ ಹೇಳಿಲ್ಲ. ಇತ್ತ ಓಮ್ ಪವತ್‌ನ ಪ್ಯಾಟ್ ಬೇರೆ ಥರ. ಅಷ್ಟು ದೊಡ್ಡ ಆಳು, ಚಿಕ್ಕಂದಿನ ಗೊಂಬೆ 'ನೊಂಗ್ ನಾವ್' ಪಕ್ಕದಲ್ಲಿ ಇಲ್ಲದೆ ನಿದ್ದೆ ಬರೋದಿಲ್ಲ. ಅವನ ತಂಗಿ ಪಾ ನೀರಿಗೆ ಬಿದ್ದಾಗ ಕಾಪಾಡಿದ್ದು ಪ್ರಾನ್ ಅನ್ನೋದು ಎಷ್ಟು ವರ್ಷವಾದರೂ ಅವನ ಮನಸ್ಸಿನಲ್ಲಿ ಹಾಗೇ ಇದೆ.

ಕೊನೆ ನನಗೆ ತುಂಬ ಇಷ್ಟ, ಕೆಲವರಿಗೆ ಇಷ್ಟ ಆಗಲಿಲ್ಲ. ಮನೆಯವರು ಅತ್ತು ಕರೆದು ಒಪ್ಪಿಕೊಳ್ಳೋ ಸೀನ್ ಇಲ್ಲ. ಮನೆಯವರ ಎದುರು ಬೇರೆಯಾದಂತೆ ನಾಟಕ ಆಡಿಕೊಂಡು, ವರ್ಷಗಳ ನಂತರವೂ ಒಳಗೊಳಗೇ ಜೊತೆಯಲ್ಲಿರುತ್ತಾರೆ. ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿ ಬಿಡದ ಸ್ಥಿತಿ. ಇಂಥ ಒಪ್ಪಂದ ನಮ್ಮ ಎಷ್ಟು ಮನೆಗಳಲ್ಲಿ ಬೇರೆ ಬೇರೆ ವಿಷಯಕ್ಕೆ ನಡೆದಿಲ್ಲ ಹೇಳಿ.

ಅದೇ ನಿರ್ದೇಶಕರ 2023ರ 'ಮೂನ್‌ಲೈಟ್ ಚಿಕನ್' ಬರೀ 8 ಎಪಿಸೋಡು. ಪಟ್ಟಾಯದಲ್ಲಿ ಕೋಳಿ ಅನ್ನದ ಅಂಗಡಿ ಇಟ್ಟ ಜಿಮ್ ಅನ್ನೋನ ಕಥೆ, ಕಾಲೇಜಿನ ಚೆಂದದ ಹುಡುಗರು ಸಾಕಪ್ಪಾ ಅನ್ನಿಸಿದವರಿಗೆ. ಅದರಲ್ಲಿ ಜಿಮ್‌ನ ಅಕ್ಕನ ಮಗ ಲೀ ಮಿಂಗ್, ಕಿವಿ ಕೇಳದ ಹಾರ್ಟ್ ಅನ್ನೋ ಹುಡುಗನ ಜೊತೆ ಮಾತಾಡೋಕೆ ಸಂಜ್ಞೆ ಭಾಷೆ ಕಲಿಯುತ್ತಾನೆ. ಇಷ್ಟು ಹೊತ್ತು ಪೀ, ನೊಂಗ್, ಕೂ, ಪೊಮ್ ಅಂತ ಕೊರೆದೆನಲ್ಲ, ಇಲ್ಲಿ ಅದ್ಯಾವುದೂ ಇಲ್ಲ, ಕೈ ಮತ್ತು ಮುಖ ಮಾತ್ರ. ಒಬ್ಬನಿಗಾಗಿ ಒಂದು ಭಾಷೆ ಪೂರ್ತಿ ಕಲಿಯೋದಕ್ಕಿಂತ ದೊಡ್ಡ ಪ್ರೇಮಪತ್ರ ಇನ್ನೇನು ಬೇಕು.

ಎಲ್ಲಾ ಹೊಗಳಿಕೆಯೇ ಆಯ್ತು ಅಂದುಕೊಳ್ಳಬೇಡಿ. ಹಳೆಯ ಸೀರೀಸ್‌ಗಳಲ್ಲಿ ಒಪ್ಪಿಗೆ ಕೇಳದೆ ಮುಟ್ಟೋದನ್ನ ಪ್ರೇಮ ಅಂತ ತೋರಿಸಿದ್ದಾರೆ, 'ಟಾರ್ನ್‌ಟೈಪ್' ಬಗ್ಗೆ ಈ ಜಗಳ ಇವತ್ತಿಗೂ ಮುಗಿದಿಲ್ಲ. 'ನಾನು ಗೇ ಅಲ್ಲ, ನೀನೊಬ್ಬನೇ ಇಷ್ಟ' ಅನ್ನೋ ಮಾತು ಸವೆದು ಹೋಗೋವರೆಗೂ ಬಳಸಿದ್ದಾರೆ. ಮಧ್ಯೆ ಬರೋ ಹುಡುಗಿ ಅಂದರೆ ಕಡ್ಡಾಯವಾಗಿ ಕೆಟ್ಟವಳು. ಮತ್ತೆ 'ಹೆಂಡತಿ' ಕಾಟ. ನಾನು ಅಷ್ಟು ಹೊಗಳಿದ ಸೋಟಸ್‌ನ ಶುರುವಿನಲ್ಲೇ ಕೊಂಗ್‌ಪೊಪ್ ಎಲ್ಲರೆದುರು ಆರ್ಥಿತ್‌ಗೆ, ಗೇರ್ ಸಿಗದಿದ್ದರೆ ನಿಮ್ಮನ್ನು ಹೆಂಡತಿ ಮಾಡಿಕೊಳ್ತೀನಿ, ಆಗ ನಿಮ್ಮದು ನನ್ನದೂ ಆಗುತ್ತೆ ಅನ್ನುತ್ತಾನೆ. ಆಗ ನಕ್ಕಿದ್ದೆ. ಈಗ ಅಷ್ಟು ನಗು ಬರೋದಿಲ್ಲ. ಇನ್ನು ಗಂಭೀರ ಮಾತಿನ ಮಧ್ಯೆ ಇದ್ದಕ್ಕಿದ್ದಂತೆ ಟೀ ಬಾಟಲಿನ ಲೇಬಲ್ ಕ್ಯಾಮೆರಾ ಕಡೆ ತಿರುಗಿಸೋದು ಇದೆಯಲ್ಲ, ಅದನ್ನ ಅಭಿಮಾನಿಗಳು ತಮಾಷೆ ಮಾಡಿಕೊಂಡೇ ಸಹಿಸುತ್ತಾರೆ.

ಇದಕ್ಕಿಂತ ತೊಡಕಿನದ್ದು 'ಖೂ ಜಿನ್'. ಖೂ ಅಂದರೆ ಜೋಡಿ, ಜಿನ್ ಅಂದರೆ ಕಲ್ಪನೆ, ಇಂಗ್ಲಿಷಿನ 'ಇಮ್ಯಾಜಿನ್' ತುಂಡಾಗಿ ಬಂದ ಪದ. ಅಭಿಮಾನಿಗಳು ಮನಸ್ಸಿನಲ್ಲಿ ಕಟ್ಟಿಕೊಂಡ ಜೋಡಿ. ಪಾತ್ರಗಳಿಗೆ ಸೀಮಿತವಾಗಿದ್ದರೆ ತೊಂದರೆ ಇರಲಿಲ್ಲ. ಕಂಪನಿಗಳು ನಟರನ್ನೇ ಜೋಡಿ ಜೋಡಿಯಾಗಿ ಮಾರುತ್ತವೆ. ಇಬ್ಬರ ಹೆಸರು ಸೇರಿಸಿ ಒಂದು ಬ್ರ್ಯಾಂಡ್: ಕ್ರಿಸ್ಟ್–ಸಿಂಗ್ಟೊ, ಆಫ್–ಗನ್, ಅರ್ಥ್–ಮಿಕ್ಸ್. ಅಭಿಮಾನಿಗಳ ಭೇಟಿ, ಜಾಹೀರಾತು, ಸ್ಟೇಜ್ ಮೇಲೆ ಕೈ ಹಿಡಿಯೋದು, ಎಲ್ಲವೂ ಜೋಡಿಯಾಗಿಯೇ. ಅನಂತ್ ನಾಗ್–ಲಕ್ಷ್ಮಿಯವರನ್ನು ತೆರೆ ಮೇಲೆ ನೋಡಿ ನಮ್ಮಜ್ಜಿ ನಿಜವಾದ ಗಂಡ ಹೆಂಡತಿ ಅಂದುಕೊಂಡಿದ್ದರು. ಆದರೆ ಅಜ್ಜಿಯ ಹತ್ತಿರ ಫೋನ್ ಇರಲಿಲ್ಲ, 'ಯಾಕೆ ಇವತ್ತು ಅವರ ಜೊತೆ ಫೋಟೋ ಹಾಕಿಲ್ಲ' ಅಂತ ಅವರನ್ನು ಕೇಳೋಕೆ ಹೋಗಲಿಲ್ಲ. ಈಗಿನವರು ಕೇಳುತ್ತಾರೆ, ನಟ ಬೇರೆ ಯಾರ ಜೊತೆಗಾದರೂ ಕಂಡರೆ ಬೈಯುತ್ತಾರೆ. ಪ್ಯಾಟ್–ಪ್ರಾನ್ ನಮ್ಮವರು, ಎಷ್ಟು ಬೇಕಾದರೂ ಕನಸು ಕಾಣಿ. ಓಮ್ ಮತ್ತು ನನೋನ್ ಕೆಲಸ ಮುಗಿಸಿ ಮನೆಗೆ ಹೋಗೋ ಜನ. ಈ ವ್ಯಾಪಾರವನ್ನೇ ಕಥೆ ಮಾಡಿದ 'ಲವ್ಲಿ ರೈಟರ್' 2021ರಲ್ಲಿ ಬಂದಿದೆ, ಬಿಎಲ್ ಕಾದಂಬರಿಕಾರ ಮತ್ತು ಅವನ ಪುಸ್ತಕದ ನಟನ ಕಥೆ. ತಮ್ಮ ಅಂಗಡಿಯ ಹಿಂದಿನ ಬಾಗಿಲನ್ನು ತಾವೇ ತೆರೆದು ತೋರಿಸಿದ ಹಾಗಿದೆ.

ಒಂದು ಪದದ ಮಜಾ ಹೇಳದೆ ಇರೋಕಾಗೋದಿಲ್ಲ. ಥಾಯ್‌ನಲ್ಲಿ 'ಫೇನ್' ಅಂದರೆ ಪ್ರೇಮಿ, ಬಾಯ್‌ಫ್ರೆಂಡ್, ಗರ್ಲ್‌ಫ್ರೆಂಡ್. ಯಾರಾದರೂ ಥಾಯ್ಲೆಂಡಿನಲ್ಲಿ 'ನಾನು ಇವನ ಫ್ಯಾನ್' ಅಂದರೆ ಅನಾಹುತ ಆಗಬಹುದು.

ಖೂ ಅನ್ನೋ ಪದ ಇನ್ನೊಂದು ಕಡೆಯೂ ಇದೆ. 2ಗೆದರ್‌ನ ಥಾಯ್ ಹೆಸರು 'ಪ್ರೊ ರಾವ್ ಖೂ ಕನ್', ಯಾಕೆಂದರೆ ನಾವು ಜೋಡಿ. ಮತ್ತೆ ಕಾನೂನಿನಲ್ಲಿ 'ಖೂ ಸೊಮ್‌ರೊತ್', ಮದುವೆಯಾದ ಜೋಡಿ. ಸೊಮ್‌ರೊತ್ ಅಂದರೆ ನಮ್ಮ 'ಸಮರಸ', ಥಾಯ್ ಬಾಯಲ್ಲಿ ಮದುವೆ ಆಗಿದೆ. ಥಾಯ್ಲೆಂಡಿನ ಸಂಸತ್ತಿನ ಕೆಳಮನೆ 2024ರ ಮಾರ್ಚ್ 27ರಂದು, ಸೆನೆಟ್ ಜೂನ್ 18ರಂದು, ಒಂದೇ ಲಿಂಗದವರೂ ಮದುವೆಯಾಗಬಹುದು ಅನ್ನೋ ಮದುವೆ ಕಾನೂನಿನ ತಿದ್ದುಪಡಿಗೆ ಒಪ್ಪಿದವು. ಗಂಡ, ಹೆಂಡತಿ ಅನ್ನೋ ಪದಗಳ ಜಾಗಕ್ಕೆ ಖೂ ಸೊಮ್‌ರೊತ್ ಬಂತು. 2025ರ ಜನವರಿ 23ರಂದು ಜಾರಿಯಾಯಿತು, ಮೊದಲ ದಿನವೇ 1,800ಕ್ಕೂ ಹೆಚ್ಚು ಜೋಡಿಗಳು ನೋಂದಣಿ ಮಾಡಿಸಿದವು. ಆಗ್ನೇಯ ಏಷ್ಯಾದಲ್ಲಿ ಇದೇ ಮೊದಲು. ಬಿಎಲ್ ನೋಡಿ ಕಾನೂನು ಬಂತು ಅಂತ ಕೆಲವರು ಖುಷಿಯಲ್ಲಿ ಬರೆಯುತ್ತಾರೆ, ಅದು ಅನ್ಯಾಯ. ಬೀದಿಯಲ್ಲಿ ನಿಂತು ವರ್ಷಗಟ್ಟಲೆ ಕೇಳಿದವರ ಕೆಲಸ ಅದು. ಸೀರೀಸ್‌ಗಳಲ್ಲಿ ಆ ಬೇಡಿಕೆ ಸ್ಪಷ್ಟವಾಗಿ ಕಾಣಿಸಿದ್ದು ಕಡಿಮೆ. 2021ರ ಕೊನೆಗೆ ಶುರುವಾದ 'ನಾಟ್ ಮಿ'ಯಲ್ಲಿ ಕಾಮನಬಿಲ್ಲಿನ ಬಣ್ಣದ ದೊಡ್ಡ ಬಾವುಟದ ಮೆರವಣಿಗೆ ಇದೆ, ಅದರ ನಿರ್ದೇಶಕಿ ಅನುಚಾ ಬೂನ್ಯವತನ ಸ್ವತಃ ಟ್ರಾನ್ಸ್ ಮಹಿಳೆ. ನಮ್ಮಲ್ಲಿ 2018ರ ಸೆಪ್ಟೆಂಬರ್ 6ರ ತೀರ್ಪು ಸಲಿಂಗ ಸಂಬಂಧದ ಮೇಲಿದ್ದ ಅಪರಾಧದ ಹಣೆಪಟ್ಟಿ ತೆಗೆಯಿತು. ಮದುವೆ ಹಕ್ಕನ್ನು 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಕೊಡಲಿಲ್ಲ. ಇಲ್ಲಿ ಕೂತು ಅಲ್ಲಿಯ ಜೋಡಿಗಳನ್ನು ನೋಡುವಾಗ ಆ ದೂರವೂ ಕಾಣುತ್ತೆ.

ಶುರು ಮಾಡೋರಿಗೆ ನನ್ನ ಸಲಹೆ: ಸಬ್‌ಟೈಟಲ್ ಇರಲಿ, ವಾಲ್ಯೂಮ್ ಮಾತ್ರ ಕಡಿಮೆ ಮಾಡಬೇಡಿ, ಒಂದೂವರೆ ಸ್ಪೀಡಿನಲ್ಲಂತೂ ನೋಡಲೇಬೇಡಿ. ಎರಡು ಎಪಿಸೋಡು ಆದ ಮೇಲೆ ಪೀ, ಪೊಮ್, ಕೂ ತಾನಾಗೇ ಕಿವಿಗೆ ಬೀಳೋಕೆ ಶುರುವಾಗುತ್ತೆ. ಮೊನ್ನೆ ರಾತ್ರಿ ಒಂದೂವರೆಗೆ ತಂಗಿಯ ಮೆಸೇಜು ಬಂದಿತ್ತು. ಯಾವ ಸೀರೀಸು, ಯಾರು, ಏನೂ ಇಲ್ಲ. 'ಅಕ್ಕಾ, ಇವನು ಈಗ ಪೊಮ್ ಅಂದ್ನಲ್ವಾ? ನಿನ್ನೆವರೆಗೂ ಕೂ ಅಂತಿದ್ದ.'